ಹಳೆಯ ಟರ್ಬೊ ಕಾರಿಗೆ ಎಥೆನಾಲ್: ಇ10 ಆಯ್ಕೆಯೂ ಉಳಿಯಲಿ

ಮಾನ್ಯ ಸಂಪಾದಕರೇ,

ಎಥೆನಾಲ್ ಬೆರೆಸಿದ ಪೆಟ್ರೋಲ್ ಬಗೆಗಿನ ಚರ್ಚೆಯಲ್ಲಿ ಎಂಜಿನ್ ಕೆಟ್ಟೇಹೋಗುತ್ತದೆ ಎಂಬ ಗುಲ್ಲು ಒಂದು ಕಡೆ, ಯಾವ ವಾಹನಕ್ಕೂ ಏನೂ ಆಗುವುದಿಲ್ಲ ಎಂಬ ಸರ್ಕಾರಿ ಭರವಸೆ ಇನ್ನೊಂದು ಕಡೆ. ಈ ಜಗ್ಗಾಟದಲ್ಲಿ ಲಕ್ಷ ಕಿಲೊಮೀಟರ್ ದಾಟಿದ, ಟರ್ಬೊ (ಎಂಜಿನ್ನಿಗೆ ಗಾಳಿಯನ್ನು ಒತ್ತಿ ತುಂಬುವ ಸಾಧನ) ಇರುವ ಪೆಟ್ರೋಲ್ ಕಾರುಗಳ ವಿಷಯವನ್ನು ಬಿಡಿಸಿ ಹೇಳುವವರೇ ಇಲ್ಲ. 2013ರಲ್ಲಿ ಬಂದ ಪೋಲೊ ಜಿಟಿ ಟಿಎಸ್ಐ ಮತ್ತು ಇಕೊಸ್ಪೋರ್ಟ್‌ನ ಒಂದು ಲೀಟರ್ ಟರ್ಬೊ, 2017ರ ನೆಕ್ಸಾನ್ ಮುಂತಾದ ಕಾರುಗಳು ನಮ್ಮ ಊರುಗಳಲ್ಲಿ ಇಂದಿಗೂ ಸಾಕಷ್ಟು ಓಡುತ್ತಿವೆ. ಎರಡನೆಯ, ಮೂರನೆಯ ಮಾಲೀಕರ ಕೈಗೆ ಬಂದ ಇಂಥ ಕಾರುಗಳ ಬಗ್ಗೆ ಎರಡು ಪ್ರಶ್ನೆಗಳು ಮತ್ತೆ ಮತ್ತೆ ಕೇಳಿಬರುತ್ತಿವೆ: ಇ20 (ಶೇ 20ರಷ್ಟು ಎಥೆನಾಲ್ ಬೆರೆಸಿದ ಪೆಟ್ರೋಲ್) ಹಾಕಿಸಿದರೆ ತೊಂದರೆಯೇ? ಹೇಗೂ ಎಥೆನಾಲ್ ಕಾಲ ಬಂದಿದೆ, ಟ್ಯೂನ್ ಮಾಡಿಸಿ ಪೂರ್ತಿ ಅದಕ್ಕೇ ಬದಲಾಗಿಬಿಡಬಹುದೇ?

ಎರಡನೆಯ ಪ್ರಶ್ನೆ ಹುಟ್ಟಿದ್ದಕ್ಕೂ ಕಾರಣವಿದೆ. ಪ್ರಧಾನಿಯವರು ಇ20 ಪೆಟ್ರೋಲಿಗೆ ಚಾಲನೆ ನೀಡಿದ್ದು 2023ರ ಫೆಬ್ರುವರಿ 6ರಂದು ನಮ್ಮ ಬೆಂಗಳೂರಿನಲ್ಲಿಯೇ. ಮರುವರ್ಷದ ಮಾರ್ಚ್‌ನಲ್ಲಿ ಇಂಡಿಯನ್ ಆಯಿಲ್ ಕಂಪನಿಯು ‘ಎಥೆನಾಲ್ 100’ ಇಂಧನವನ್ನು ಐದು ರಾಜ್ಯಗಳ ಆಯ್ದ ಬಂಕ್‌ಗಳಲ್ಲಿ ಮಾರಾಟಕ್ಕೆ ಬಿಟ್ಟಾಗ ಕರ್ನಾಟಕವೂ ಆ ಪಟ್ಟಿಯಲ್ಲಿತ್ತು. ಹೆಸರು ನೂರಾದರೂ ಅದರಲ್ಲಿರುವ ಎಥೆನಾಲ್ ಶೇ 93ರ ಆಸುಪಾಸು, ಉಳಿದದ್ದು ಬಹುಪಾಲು ಪೆಟ್ರೋಲ್.

ಮೊದಲಿಗೆ ಎಥೆನಾಲ್‌ಗೆ ಸಲ್ಲಬೇಕಾದ ಮಾತನ್ನು ಹೇಳಿಬಿಡುತ್ತೇನೆ. ಟರ್ಬೊ ಎಂಜಿನ್‌ಗೆ ಅದು ಸ್ವಭಾವತಃ ಒಗ್ಗುವ ಇಂಧನ. ಅದರ ಆಕ್ಟೇನ್ (ನಾಕಿಂಗ್ ಅನ್ನು, ಎಂದರೆ ಇಂಧನ ಸಿಲಿಂಡರಿನಲ್ಲಿ ಅಕಾಲಕ್ಕೆ ಸಿಡಿಯುವುದನ್ನು ತಡೆಯುವ ಗುಣದ ಅಳತೆ) 108ರ ಸುತ್ತಮುತ್ತ ಇದೆ. ಆವಿಯಾಗುವಾಗ ಪೆಟ್ರೋಲ್‌ಗಿಂತ ಎರಡು ಪಟ್ಟಿಗೂ ಹೆಚ್ಚು ಶಾಖವನ್ನು ಹೀರಿಕೊಳ್ಳುತ್ತದೆ. ಟರ್ಬೊ ಒತ್ತಿ ಕಳಿಸುವ ಗಾಳಿ ಬಿಸಿಯಾಗಿರುವುದರಿಂದ ಈ ತಂಪು ಸಿಲಿಂಡರ್ ಒಳಗೆ ನೇರವಾಗಿ ಉಪಕಾರಕ್ಕೆ ಬರುತ್ತದೆ, ನಾಕಿಂಗ್ ತಗ್ಗುತ್ತದೆ. ಬ್ರೆಜಿಲ್‌ನಲ್ಲಿ ಒಂದು ಲೀಟರ್ ಟರ್ಬೊ ಎಂಜಿನ್ನಿನ ಕಾರುಗಳು ಬಂಕ್‌ನಿಂದ ಬರುವ ಎಥೆನಾಲ್ ಅನ್ನೇ ತುಂಬಿಸಿಕೊಂಡು ವರ್ಷಗಟ್ಟಲೆ ಓಡುತ್ತಿವೆ. ಆದರೆ ಅವು ಆ ಇಂಧನಕ್ಕೆಂದೇ ಕಾರ್ಖಾನೆಯಲ್ಲಿ ಸಿದ್ಧವಾದವು. ಅಲ್ಲಿ ಎಥೆನಾಲ್ ಕಾರ್ಯಕ್ರಮ ಶುರುವಾದದ್ದು 1975ರಲ್ಲಿ, ಯಾವ ಮಿಶ್ರಣಕ್ಕೂ ತಾನೇ ಹೊಂದಿಕೊಳ್ಳುವ ಫ್ಲೆಕ್ಸ್ ಕಾರು ಮಾರುಕಟ್ಟೆಗೆ ಬಂದದ್ದು 2003ರಲ್ಲಿ. ನಮ್ಮಲ್ಲಿ ಇಂಧನ ಮೊದಲು ಬಂತು, ಕಾರುಗಳು ಹಿಂದೆ ಉಳಿದವು.

ತೊಡಕು ಶುರುವಾಗುವುದು ಸವೆದ ಕಾರಿನಲ್ಲಿ. ಒಂದು ಕಿಲೊ ಪೆಟ್ರೋಲ್ ಪೂರ್ತಿ ಉರಿಯಲು 14.7 ಕಿಲೊ ಗಾಳಿ ಬೇಕಾದರೆ, ಎಥೆನಾಲ್‌ಗೆ ಸುಮಾರು 9 ಕಿಲೊ ಸಾಕು. ಎಂದರೆ ಒಳಗೆ ಬಂದಷ್ಟೇ ಗಾಳಿಗೆ ಇಂಧನವನ್ನು ಹೆಚ್ಚು ಚಿಮ್ಮಿಸಬೇಕು. ಶೇ 10 ಎಥೆನಾಲ್ ಇರುವ ಇ10ರಿಂದ ಇ20ಗೆ ಬಂದಾಗ ಈ ಹೆಚ್ಚಳ ಸುಮಾರು ಶೇ 4 ಮಾತ್ರ. ಎಂಜಿನ್ ಕಂಪ್ಯೂಟರ್ ಆಕ್ಸಿಜನ್ ಸೆನ್ಸರ್ ನೋಡಿಕೊಂಡು ಅದನ್ನು ತಾನೇ ಸರಿದೂಗಿಸುತ್ತದೆ. ಹೀಗೆ ಸರಿದೂಗಿಸುವ ಲೆಕ್ಕವನ್ನು ಮೆಕ್ಯಾನಿಕ್‌ಗಳು ‘ಫ್ಯುಯೆಲ್ ಟ್ರಿಮ್’ ಎನ್ನುತ್ತಾರೆ. ಹೊಸ ಕಾರಿನಲ್ಲಿ ಇದು ಸೊನ್ನೆಯ ಹತ್ತಿರವೇ ಇರುತ್ತದೆ. ಲಕ್ಷ ದಾಟಿದ ಕಾರಿನಲ್ಲಿ ಬಿರುಕು ಬಿಟ್ಟ ಗಾಳಿಯ ಪೈಪು, ಸೋತ ಪೆಟ್ರೋಲ್ ಪಂಪ್, ಕೊಳೆ ಕಟ್ಟಿದ ಇಂಜೆಕ್ಟರ್, ಮಂದವಾದ ಸೆನ್ಸರ್ ಇವೆಲ್ಲ ಸೇರಿ ಟ್ರಿಮ್ ಆಗಲೇ ಶೇಕಡಾ ಹತ್ತು–ಹದಿನೈದಕ್ಕೆ ಏರಿರುವುದುಂಟು. ಕಂಪ್ಯೂಟರಿಗಿರುವ ಮಿತಿ ಸಾಮಾನ್ಯವಾಗಿ ಶೇ 20–25ರ ಆಸುಪಾಸು. ತಿಂಗಳ ಕೊನೆಯ ಸಂಬಳದಂತೆ ಕೈಯಲ್ಲಿ ಉಳಿದದ್ದೇ ಸ್ವಲ್ಪ, ಅದರಲ್ಲಿ ಎಥೆನಾಲ್ ತನ್ನ ಪಾಲು ಕೇಳುತ್ತದೆ. ಊರೊಳಗೆ ಓಡಿಸುವಾಗ ಏನೂ ತಿಳಿಯದ ಕಾರು, ನಾಲ್ಕು ಜನರನ್ನೂ ಸಾಮಾನನ್ನೂ ಹೊತ್ತು ಅರಬೈಲು ಘಾಟಿ ಹತ್ತುವಾಗ ಎಳೆಯದೆ ಮುಗ್ಗರಿಸುತ್ತದೆ, ಚೆಕ್ ಎಂಜಿನ್ ದೀಪ ಹೊತ್ತಿಕೊಳ್ಳುತ್ತದೆ. ಆಗ ಮಾಲೀಕ ಎಥೆನಾಲ್‌ಗೆ ಬೈಯುತ್ತಾನೆ, ಅಧಿಕಾರಿ ನಿರ್ವಹಣೆ ಸರಿಯಿಲ್ಲ ಎನ್ನುತ್ತಾನೆ. ಇಬ್ಬರ ಮಾತೂ ಅರ್ಧ ನಿಜ.

ಎಥೆನಾಲ್‌ನಿಂದ ರಬ್ಬರಿಗೆ ಆಗುವ ಹಾನಿ ಇದಕ್ಕಿಂತ ನಿಧಾನದ್ದು. ಪರಿಚಯದ ಗ್ಯಾರೇಜೊಂದರಲ್ಲಿ ಹಳೆಯ ಕಾರಿನ ಟ್ಯಾಂಕಿನಿಂದ ಪಂಪ್ ತೆಗೆಯುವುದನ್ನು ನಿಂತು ನೋಡಿದ್ದೇನೆ. ಮುಚ್ಚಳದಡಿಯ ರಬ್ಬರ್ ಉಂಗುರ ಹೊರಬಂದ ಮೇಲೆ ಉಬ್ಬಿ, ಹಾವಿನಂತೆ ಸುರುಳಿಸುತ್ತಿ, ತನ್ನ ತೋಡಿನೊಳಗೆ ಮತ್ತೆ ಕೂರಲೇ ಇಲ್ಲ. ಫಿಲ್ಟರ್ ಜಾಲರಿಯ ಮೇಲೆ ಕಂದು ಬಣ್ಣದ ಅಂಟು ಮೆತ್ತಿತ್ತು. ವರ್ಷಗಳಿಂದ ಟ್ಯಾಂಕಿನ ಗೋಡೆಗೆ ಕಟ್ಟಿದ ಕೊಳೆಯನ್ನು ಎಥೆನಾಲ್ ಕರಗಿಸಿ ತರುತ್ತದೆ, ಹೀಗಾಗಿ ಇಂಧನ ಬದಲಾದ ಹೊಸತರಲ್ಲಿ ಫಿಲ್ಟರ್ ಬೇಗ ಕಟ್ಟಿಕೊಳ್ಳುತ್ತದೆ. ಮಳೆಗಾಲದಲ್ಲಿ ಮಲೆನಾಡು, ಕರಾವಳಿಯ ಮನೆಗಳ ಮುಂದೆ ಅರ್ಧ ಟ್ಯಾಂಕಿನಲ್ಲಿ ತಿಂಗಳುಗಟ್ಟಲೆ ನಿಲ್ಲುವ ಕಾರುಗಳಿಗೆ ತೇವದ ಕಾಟ ಬೇರೆ: ಎಥೆನಾಲ್ ನೀರನ್ನು ಎಳೆದುಕೊಳ್ಳುತ್ತದೆ, ನೀರು ಮಿತಿಮೀರಿದರೆ ಎರಡೂ ಒಟ್ಟಾಗಿ ತಳಕ್ಕಿಳಿದು ಪಂಪಿನ ಬಾಯಿಗೇ ಬರುತ್ತವೆ.

ಟರ್ಬೊ ಇರುವವರು ಇನ್ನೊಂದು ಮಾತನ್ನು ಮರೆಯಬಾರದು. ಸಣ್ಣ ಟರ್ಬೊದ ಅಚ್ಚು ನಿಮಿಷಕ್ಕೆ ಎರಡು ಲಕ್ಷ ಸುತ್ತಿನ ಹತ್ತಿರ ತಿರುಗುತ್ತದೆ, ಅದನ್ನು ಹಿಡಿದಿರುವುದು ಎಂಜಿನ್ ಆಯಿಲಿನ ತೆಳು ಪದರ. ಪಿಸ್ಟನ್ ರಿಂಗ್ ಸವೆದ ಎಂಜಿನ್ ಪೂರ್ತಿ ಬಿಸಿಯಾಗುವ ಮೊದಲೇ ನಿಂತುಬಿಡುವ ಗಿಡ್ಡ ಓಡಾಟದಲ್ಲಿ ಉರಿಯದ ಇಂಧನವೂ ನೀರೂ ಆಯಿಲಿಗೆ ಇಳಿಯುತ್ತವೆ. ಹಾಗಾಗಿ ಇ20 ಹಾಕಿಸುವ ಹಳೆಯ ಟರ್ಬೊ ಕಾರಿಗೆ ಕೈಪಿಡಿ ಹೇಳಿದ ಅವಧಿಗಿಂತ ಮುಂಚೆಯೇ ಆಯಿಲ್ ಬದಲಿಸುವುದು, ಫಿಲ್ಟರ್ ಮತ್ತು ರಬ್ಬರ್ ಪೈಪುಗಳನ್ನು ನೋಡಿಸುವುದು, ಟ್ರಿಮ್ ಎಷ್ಟಿದೆಯೆಂದು ಸ್ಕ್ಯಾನರ್ ಹಾಕಿ ಓದಿಸುವುದು ಲಾಭದ ಕೆಲಸ. ಇಷ್ಟು ಮಾಡಿದ ಕಾರು ಇ20ರಲ್ಲಿ ನಿಶ್ಚಿಂತೆಯಿಂದ ಓಡಬಲ್ಲದು ಎಂದೇ ನನ್ನ ಅಭಿಪ್ರಾಯ.

ಪೂರ್ತಿ ಎಥೆನಾಲ್‌ಗೆ ಬದಲಾಗುವ ಮಾತು ಬೇರೆಯದೇ. ಅದಕ್ಕೆ ಪೆಟ್ರೋಲಿನ ಸುಮಾರು ಒಂದೂವರೆ ಪಟ್ಟು ಇಂಧನ ಹರಿಯಬೇಕು. ಇಂಜೆಕ್ಟರ್, ಪಂಪ್, ಎಥೆನಾಲ್ ಪ್ರಮಾಣ ಅಳೆಯುವ ಸೆನ್ಸರ್, ಕಂಪ್ಯೂಟರಿನ ಲೆಕ್ಕ ಎಲ್ಲವೂ ಬದಲಾಗಬೇಕು. ಬರೀ ಲ್ಯಾಪ್‌ಟಾಪ್ ಜೋಡಿಸಿ ‘ಪವರ್ ಏರಿಸಿಕೊಡುತ್ತೇವೆ’ ಎನ್ನುವವರ ಮಾತಿಗೆ ಮರುಳಾಗಿ ಸವೆದ ಟರ್ಬೊದ ಬೂಸ್ಟ್ (ಗಾಳಿಯ ಒತ್ತಡ) ಹೆಚ್ಚಿಸುವುದು ಎಂಜಿನ್ನನ್ನು ಕೈಯಾರೆ ಮುಗಿಸಿದಂತೆ. ಕಾನೂನಿನ ತೊಡಕೂ ಇದೆ: ಇಂಧನ ಬದಲಾವಣೆಗೆ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ನಿಯಮಬದ್ಧ ಕಿಟ್ ಅಳವಡಿಸಬೇಕು, ಆರ್‌ಸಿಯಲ್ಲಿ ಅದು ದಾಖಲಾಗಬೇಕು. ಹಾಗೆ ಮಾಡದ ಕಾರು ಅಪಘಾತಕ್ಕೀಡಾದರೆ ವಿಮೆ ಕಂಪನಿ ತಕರಾರು ತೆಗೆಯದೆ ಬಿಡುವುದಿಲ್ಲ.

ಈಗ ಸರ್ಕಾರಕ್ಕೆ ಹೇಳಬೇಕಾದದ್ದು. ನೀತಿ ಆಯೋಗವು 2021ರಲ್ಲಿ ಹೊರತಂದ ಎಥೆನಾಲ್ ಮಾರ್ಗಸೂಚಿಯು, ಶುದ್ಧ ಪೆಟ್ರೋಲಿಗಾಗಿ ರೂಪಿಸಿ ಇ10ಗೆ ಹೊಂದಿಸಿದ ಕಾರುಗಳಲ್ಲಿ ಇ20 ಬಳಸಿದರೆ ಮೈಲೇಜ್ ಶೇ 6–7ರಷ್ಟು ಇಳಿಯಬಹುದು ಎಂದು ಅಂದಾಜಿಸಿತ್ತು. ಹಳೆಯ ವಾಹನಗಳ ರಕ್ಷಣೆಗೆ ಇ10 ಸಿಗುತ್ತಿರಬೇಕು, ಮಿಶ್ರಣದ ಪೆಟ್ರೋಲಿನ ಬೆಲೆ ಕಡಿಮೆ ಇರಬೇಕು ಎಂಬ ಸಲಹೆಗಳೂ ಅದರಲ್ಲೇ ಇದ್ದವು. ಗುರಿಯನ್ನು ಮಾತ್ರ 2030ರಿಂದ 2025ಕ್ಕೆ ಎಳೆದುಕೊಂಡು, ಸಲಹೆಗಳನ್ನು ಕಪಾಟಿನಲ್ಲಿಟ್ಟರು. ಎಥೆನಾಲ್‌ರಹಿತ ಪೆಟ್ರೋಲ್ ಕೋರಿದ ಅರ್ಜಿಯನ್ನು ಸುಪ್ರೀಂ ಕೋರ್ಟ್ 2025ರ ಸೆಪ್ಟೆಂಬರ್ 1ರಂದು ವಜಾ ಮಾಡಿರುವುದರಿಂದ, ಇದು ಈಗ ಆಡಳಿತವೇ ಬಗೆಹರಿಸಬೇಕಾದ ವಿಷಯ.

ಕಬ್ಬು ಬೆಳೆಗಾರರಿಗೆ ಎಥೆನಾಲ್‌ನಿಂದ ನಾಲ್ಕು ಕಾಸು ಬರುವುದಾದರೆ ನನ್ನ ಅಡ್ಡಿ ಇಲ್ಲ. ಬೆಳಗಾವಿ, ಬಾಗಲಕೋಟೆಯ ರೈತರ ಬಾಕಿಯ ಕಷ್ಟವನ್ನು ಈ ಭಾಗದವರಿಗೆ ಯಾರೂ ವಿವರಿಸಬೇಕಿಲ್ಲ. ಇ20 ನಿಲ್ಲಿಸಿ ಎಂದೂ ಕೇಳುತ್ತಿಲ್ಲ. ಪ್ರತಿ ಬಂಕ್ ಇಂಧನದ ಸಾಂದ್ರತೆಯನ್ನು ತೋರಿಸುವಂತೆ ಆ ದಿನದ ಎಥೆನಾಲ್ ಪ್ರಮಾಣವನ್ನೂ ಕಾಣುವಂತೆ ಬರೆಯಲಿ. ಕಾರು ತಯಾರಕರು ಯಾವ ವರ್ಷದ ಯಾವ ಎಂಜಿನ್ನಿಗೆ ಯಾವ ಸೀಲ್, ಯಾವ ಪೈಪು ಬದಲಿಸಬೇಕೆಂಬ ಪಟ್ಟಿಯನ್ನು ಕನ್ನಡದಲ್ಲೂ ಪ್ರಕಟಿಸಿ, ಆ ಕಿಟ್‌ಗಳನ್ನು ನ್ಯಾಯಬೆಲೆಗೆ ಮಾರಲಿ. ಅಲ್ಲಿಯವರೆಗೆ ಪ್ರತಿ ಜಿಲ್ಲಾ ಕೇಂದ್ರದ ಒಂದು ಬಂಕ್‌ನಲ್ಲಾದರೂ ಇ10 ಸಿಗುವಂತೆ ತೈಲ ಕಂಪನಿಗಳಿಗೆ ಪೆಟ್ರೋಲಿಯಂ ಸಚಿವಾಲಯ ಸೂಚಿಸಲಿ.

– ಹಳೆಯ ಟರ್ಬೊ ಕಾರೊಂದರ ಮಾಲೀಕ, ಹುಬ್ಬಳ್ಳಿ