ಮೊದಲು ಅಪ್ಪಯ್ಯನ ಕಾಲು ತೋರಿಸಿ

ಕಲೋನ್, ಸೋಮವಾರ
23 ಫೆಬ್ರವರಿ 2026

ಅಮ್ಮಾ,

ನಮಸ್ಕಾರ. ನಾನು ಚೆನ್ನಾಗಿದ್ದೀನಿ. ನಿನ್ನ ಪತ್ರ ಶನಿವಾರ ಕೈಸೇರಿತು. ಫೋನ್ ಮಾಡಿದರೆ ಅಪ್ಪಯ್ಯ ಪಕ್ಕದಲ್ಲೇ ಕೂತಿರ್ತಾರೆ, ಬಾಯಿ ಬಿಡೋಕಾಗಲ್ಲ ಅಂತ ಪತ್ರ ಬರೆದೆಯಲ್ಲ, ಒಳ್ಳೇದೇ ಆಯ್ತು. ನಾನಿದನ್ನ ಅಂಚೆಗೆ ಹಾಕ್ತಾ ಕೂರಲ್ಲ, ಫೋಟೋ ತೆಗೆದು ಸುಮನ ಫೋನಿಗೆ ಕಳಿಸ್ತೀನಿ. ಹಿತ್ತಿಲಲ್ಲಿ ಕೂತು ಓದಿ ಹೇಳಲಿ. ಅಜ್ಜಿ ಕಿವಿಗೆ ಬೀಳೋದು ಬೇಡ.

ನಾನಿಲ್ಲಿ ಹೋಟೆಲಲ್ಲಿ ಬಡಿಸೋ ಕೆಲಸಕ್ಕೆ ಸೇರಿದ್ದರ ಚಿಂತೆಯನ್ನೇ ಮೂರು ಪುಟ ಬರೆದಿದೀಯ. ಅಪ್ಪಯ್ಯನ ಕಾಲಿನ ಗಾಯ ಮೂರು ವಾರದಿಂದ ಮಾಯ್ತಿಲ್ಲ ಅನ್ನೋದನ್ನ ಕೊನೇ ಪುಟದ ಅಂಚಲ್ಲಿ ಎರಡು ಸಾಲಲ್ಲಿ ಬರೆದಿದೀಯ. ಉಲ್ಟಾ ಆಗಬೇಕಿತ್ತು. ಕೆಲಸದ ವಿಷಯಕ್ಕೆ ಉತ್ತರ ಕೊಡದೆ ಇದ್ದರೆ ನೀನು ನಿದ್ದೆ ಮಾಡಲ್ಲ, ಅದನ್ನ ಮೊದಲು ಮುಗಿಸಿಬಿಡ್ತೀನಿ.

“ಮಾಣಿ ಕೆಲಸಕ್ಕೆ ಜರ್ಮನಿಗೆ ಹೋಗಬೇಕಿತ್ತಾ” ಅಂದ್ರಂತೆ ದೊಡ್ಡಪ್ಪ. ಇಲ್ಲಿ ಓದೋ ಮಕ್ಕಳಲ್ಲಿ ಎಷ್ಟೋ ಜನ ಇದನ್ನೇ ಮಾಡೋದು, ಜರ್ಮನಿಯವರ ಮಕ್ಕಳೂ ಸೇರಿ. ಕಳ್ಳತನದ ಕೆಲಸ ಅಲ್ಲ. ಓದೋ ವೀಸಾದಲ್ಲಿ ವರ್ಷಕ್ಕೆ 140 ಪೂರ್ತಿ ದಿನ, ಇಲ್ಲಾಂದ್ರೆ 280 ಅರ್ಧ ದಿನ ದುಡಿಯಬಹುದು ಅಂತ ಕಾನೂನೇ ಇದೆ. ಕನಿಷ್ಠ ಕೂಲಿ ಈ ಜನವರಿಯಿಂದ ಗಂಟೆಗೆ 13.90 ಯೂರೋ. ನನ್ನದು ‘ಮಿನಿಜಾಬ್’, ಅಂದರೆ ಸಣ್ಣ ಅರೆಕಾಲಿಕ ಕೆಲಸ, ಸಂಬಳಕ್ಕೆ ತಿಂಗಳಿಗೆ 603 ಯೂರೋ ಮಿತಿ. ಲೆಕ್ಕ ಹಾಕಿದರೆ ವಾರಕ್ಕೆ ಹತ್ತು ಗಂಟೆ ಆಗುತ್ತೆ, ಅಂದರೆ ಎರಡು ಸಂಜೆ. ಓದು ಹಾಳಾಗೋ ಮಾತೇ ಇಲ್ಲ. ಹುಷಾರಿಲ್ಲ ಅಂತ ಮಲಗಿದರೂ ಸಂಬಳ ಬರುತ್ತೆ, ಸಂಬಳದ ರಜೆಯೂ ಇದೆ, ಆರು ಗಂಟೆಗಿಂತ ಜಾಸ್ತಿ ಕೆಲಸ ಇದ್ದ ದಿನ ಅರ್ಧ ಗಂಟೆ ಬಿಡುವು ಕೊಡಲೇಬೇಕು. ನಮ್ಮೂರ ಹೋಟೆಲಲ್ಲಿ ಯಾವ ಸಪ್ಲೈಯರಿಗೆ ಇದೆಲ್ಲ ಕೊಡ್ತಾರೆ, ದೊಡ್ಡಪ್ಪನ್ನ ಕೇಳು.

ಊಟ ಬಾಡಿಗೆಗೆ ಪರದಾಡಿ ಈ ಕೆಲಸ ಹಿಡಿದಳು ಅಂತಲೂ ಅಂದುಕೋಬೇಡ. ವೀಸಾಕ್ಕೆ ಮುಂಚೆ ಬ್ಯಾಂಕಲ್ಲಿ ಇಡಿಸಿಕೊಂಡ 11,904 ಯೂರೋ ಇದೆಯಲ್ಲ, ಅದರಿಂದ ತಿಂಗಳಿಗೆ 992 ಬಿಡ್ತಾರೆ. ಬಾಡಿಗೆ, ವಿಮೆ, ದಿನಸಿ ಎಲ್ಲ ಅದರಲ್ಲೇ. ಸಂಬಳ ಮೇಲಿನ ದುಡ್ಡು. ಅದು ಯಾತಕ್ಕೆ ಅಂತ ಮುಂದೆ ಬರೀತೀನಿ.

ಮುಂದಿನ ವರ್ಷ ಸುಮ ಬರೋದಾದರೆ ಅವಳಿಗೂ ಇದೇ ದಾರಿ. ಸುಮಾ, ಬರೆದಿಟ್ಟುಕೋ. ಮನೆಗೆ ಹೋದ ಎರಡು ವಾರದೊಳಗೆ ನಗರದ ಕಚೇರಿಗೆ ಹೋಗಿ ವಿಳಾಸ ನೋಂದಾಯಿಸಬೇಕು, ಅದಕ್ಕೆ ‘ಆನ್‌ಮೆಲ್ಡುಂಗ್’ ಅಂತಾರೆ. ಬಾಡಿಗೆ ಕರಾರು ಇದ್ದರೆ ಸಾಲದು, ಇವಳು ಇಂಥ ತಾರೀಖಿನಿಂದ ಇಲ್ಲಿದ್ದಾಳೆ ಅಂತ ಮನೆಯವರು ಸಹಿ ಹಾಕಿದ ಬೇರೆಯೇ ಕಾಗದ ಬೇಕು. ನೋಂದಣಿ ಆದ ಮೇಲೆ ತೆರಿಗೆ ನಂಬರು ಅಂಚೆಯಲ್ಲಿ ಬರುತ್ತೆ, ಸಂಬಳದ ಲೆಕ್ಕಕ್ಕೆ ಅದನ್ನ ಕೇಳ್ತಾರೆ. ಎಡವೋದು ಎಲ್ಲಿ ಗೊತ್ತಾ? ಅಂಚೆ ಡಬ್ಬಿಯಲ್ಲಿ. ಇಲ್ಲಿ ಮನೆಗಳಿಗೆ ಒಳಗಿನ ನಂಬರಿಲ್ಲ, ಅಂಚೆಯವನು ಡಬ್ಬಿ ಮೇಲಿನ ಹೆಸರು ನೋಡಿ ಹಾಕ್ತಾನೆ. ಹೆಸರು ಅಂಟಿಸದೆ ಇದ್ದರೆ ಸರ್ಕಾರಿ ಕಾಗದ ಸೀದಾ ವಾಪಸ್. ಅಮ್ಮಾ, ನೀನು ಉಪ್ಪಿನಕಾಯಿ ಕಳಿಸೋದಾದರೂ ಅಷ್ಟೇ, ಅಂಚೆ ಡಬ್ಬಿ ಮೇಲಿರೋ ಹೆಸರನ್ನೇ ಅಕ್ಷರ ಬಿಡದೆ ಬರೆಸು. ‘ಚಿ. ಸೌ.’ ಎಲ್ಲ ಬೇಡ.

ಆಮೇಲೆ ಆರೋಗ್ಯ ಇಲಾಖೆಯ ತಿಳಿವಳಿಕೆ ಪಾಠ. ಊಟ ಮುಟ್ಟೋ ಕೆಲಸಕ್ಕೆ ಇದಿಲ್ಲದೆ ಸೇರಿಸಿಕೊಳ್ಳಲ್ಲ. ಮೊದಲ ದಿನ ಕೆಲಸಕ್ಕೆ ನಿಂತಾಗ, ಪಾಠ ಮುಗಿಸಿದ್ದಕ್ಕೆ ಕೊಡೋ ಕಾಗದ ಮೂರು ತಿಂಗಳಿಗಿಂತ ಹಳೇದಿರಬಾರದು, ಹಾಗಾಗಿ ಕೆಲಸ ಸಿಗೋಕೆ ಮುಂಚೆ ಅವಸರದಲ್ಲಿ ಮಾಡಿಸೋದು ದಂಡ. ಭೇದಿ, ವಾಂತಿ ಇದ್ದರೆ ಬರಬೇಡ, ಕೈಯಲ್ಲಿ ಕೀವಾದ ಗಾಯ ಇದ್ದರೆ ತಟ್ಟೆ ಮುಟ್ಟಬೇಡ ಅಂತ ಅದರಲ್ಲಿ ಹೇಳ್ತಾರೆ. ಒಂದು ಚೂರು ಕೀವಿಗೆ ಇಲ್ಲಿ ಕೆಲಸವನ್ನೇ ನಿಲ್ಲಿಸ್ತಾರೆ. ಅಲ್ಲಿ ಅಪ್ಪಯ್ಯ ಅದೇ ಕಾಲಲ್ಲಿ ಗೊಬ್ಬರ ತುಳೀತಿದಾರೆ.

ಭಾಷೆ ಬರಲ್ಲ, ಹೇಗೆ ನಿಭಾಯಿಸ್ತೀಯ ಅಂತ ಕೇಳಿದೀಯ. ತರಗತಿಯಲ್ಲಿ ಕಲಿಸೋ ಜರ್ಮನ್ ಬೇರೆ, ಮೇಜಿನ ಜರ್ಮನ್ ಬೇರೆ. ಪುಸ್ತಕದಲ್ಲಿ ‘ದಯವಿಟ್ಟು ನನಗೊಂದು ಸಿಕ್ಕರೆ ಚೆನ್ನಾಗಿತ್ತು’ ಅಂತ ಉದ್ದಕ್ಕೆ ಇರುತ್ತೆ. ಇಲ್ಲಿ ಬೆರಳೆತ್ತಿ ‘ನೊಖ್ ತ್ಸ್ವೈ’ ಅಂದರೆ ಮುಗೀತು, ಇನ್ನೆರಡು ಅಂತ. ಗದ್ದಲದಲ್ಲಿ ತ್ಸ್ವೈ, ಡ್ರೈ ಅಂದರೆ ಎರಡು, ಮೂರು ಒಂದೇ ಥರ ಕೇಳುತ್ತೆ, ಅದಕ್ಕೇ ಎರಡಕ್ಕೆ ‘ತ್ಸ್ವೋ’ ಅಂತ ತಿರುಗಿ ಹೇಳಿ ಖಾತ್ರಿ ಮಾಡಿಕೊಳ್ಳೋದು. 47ಕ್ಕೆ ‘ಏಳು ಮತ್ತೆ ನಲವತ್ತು’ ಅಂತಾರೆ. ಕೇಳಿದ ಹಾಗೇ ಬರೀತಾ ಹೋದರೆ 74 ಆಗಿ ಕೂರುತ್ತೆ. ಬಲಗಡೆಯ ಅಂಕಿ ಮೊದಲು ಬರೆದು, ಎಡಗಡೆ ಜಾಗ ಬಿಟ್ಟು, ಆಮೇಲೆ ತುಂಬಬೇಕು. ಎಲ್ಲಕ್ಕಿಂತ ಮೋಸ ಗಂಟೆಯದು. ‘ಹಾಲ್ಪ್ ಆಖ್ಟ್’ ಅಂದರೆ ಅರ್ಧ ಎಂಟು. ಎಂಟೂವರೆ ಅಲ್ಲಮ್ಮ, ಏಳೂವರೆ! ಎಂಟಕ್ಕೆ ಅರ್ಧ ದಾರಿ ಅಂತ ಇವರ ಲೆಕ್ಕ. ಫೋನಲ್ಲಿ ಮೇಜು ಕಾದಿರಿಸೋರ ಹೆಸರನ್ನ ತಪ್ಪು ಸಾಲಲ್ಲಿ ಬರೆದರೆ, ಒಂದು ಗಂಟೆ ಮುಂಚೆಯೇ ಎಂಟು ಜನ ಬಾಗಿಲಲ್ಲಿ ನಿಂತಿರ್ತಾರೆ.

ಉಚ್ಚಾರಣೆಯಲ್ಲಿ ನಮ್ಮ ಕಾಯಿಲೆ ಅಂದರೆ ಕೊನೆಗೊಂದು ‘ಉ’ ಸೇರಿಸೋದು. ಚೆನ್ನಾಗಿದೆ ಅನ್ನೋಕೆ ‘ಗೂಟ್’ ಅನ್ನಬೇಕು, ನಮ್ಮ ಬಾಯಲ್ಲಿ ಅದು ಗೂಟು. ಊರಿನ ಹೆಸರೇ ಇವರಿಗೆ ಕಲೋನ್ ಅಲ್ಲ, ಕ್ಯೋಲ್ನ್. ‘ಒ’ ಅನ್ನೋಕೆ ತುಟಿ ಗುಂಡಗೆ ಮಾಡಿ, ಒಳಗಿಂದ ‘ಎ’ ಅಂದು ನೋಡು, ಬರುತ್ತೆ.

ಇನ್ನು ನೀನು ಬರೆಯೋಕೆ ಹಿಂಜರಿದದ್ದು, ಬಿಯರು. ಹೌದು, ತಂದಿಡ್ತೀನಿ. ಮುಚ್ಚಿಟ್ಟು ಏನಾಗಬೇಕು? ಇಲ್ಲಿ ಅದನ್ನ ಸಂಜೆ ಊಟದ ಜೊತೆ ಅಜ್ಜ ಅಜ್ಜಿಯರೂ ಕುಡೀತಾರೆ. ಈ ಊರಿನದು ‘ಕ್ಯೋಲ್ಶ್’ ಅಂತ, ಬರೀ 200 ಮಿಲಿಯ ಸಣ್ಣ ಉದ್ದ ಗ್ಲಾಸು, ದೊಡ್ಡದಾದರೆ ಮುಗಿಯೋದರೊಳಗೆ ನೊರೆ ಇಳಿದು ಸಪ್ಪೆ ಆಗುತ್ತಂತೆ. ನಡುವೆ ಹಿಡಿ, ಸುತ್ತ ಗುಳಿ ಇರೋ ದುಂಡನೆ ತಟ್ಟೆಯಲ್ಲಿ ಹತ್ತು ಹನ್ನೆರಡು ಗ್ಲಾಸು ಒಟ್ಟಿಗೆ ಒಯ್ಯೋದು. ಒಂದೇ ಕಡೆಯಿಂದ ತೆಗೀತಾ ಹೋದರೆ ತಟ್ಟೆ ವಾಲಿ ಉಳಿದದ್ದೆಲ್ಲ ಯಾರದೋ ಮಡಿಲಿಗೆ. ಈ ಕಡೆಯಿಂದ ಒಂದು ತೆಗೆದರೆ ಮುಂದಿನದು ಎದುರುಗಡೆಯಿಂದ. ಖಾಲಿಯಾದ ಕೂಡಲೇ ಕೇಳದೆಯೇ ಹೊಸದು ಇಟ್ಟು, ಗ್ಲಾಸಿನ ಕೆಳಗಿನ ರಟ್ಟಿನ ಬಿಲ್ಲೆ ಮೇಲೆ ಪೆನ್ಸಿಲಲ್ಲಿ ಒಂದು ಗೀಟು. ಆ ಗೀಟೇ ಬಿಲ್ಲು. ಸಾಕು ಅಂದವರು ಬಿಲ್ಲೆಯನ್ನ ಗ್ಲಾಸಿನ ಬಾಯಿಗೆ ಮುಚ್ಚಿಡ್ತಾರೆ. ಪಂಕ್ತಿಯಲ್ಲಿ ನಾವು ಎಲೆ ಮೇಲೆ ಕೈ ಅಡ್ಡ ಹಿಡಿಯಲ್ವಾ, ಹಾಗೇ. ಊಟ ಮುಗಿದದ್ದಕ್ಕೂ ಎಲೆ ಮಡಚೋ ಥರದ್ದೇ ಗುರುತಿದೆ. ಚಾಕು, ಫೋರ್ಕು ಜೋಡಿಯಾಗಿ ಒಂದೇ ಕಡೆ ಮಲಗಿದ್ದರೆ ಆಯ್ತು ಅಂತ, ಕತ್ತರಿ ಹಾಕಿದ ಹಾಗೆ ಇದ್ದರೆ ಇನ್ನೂ ಉಣ್ತಿದಾರೆ ಅಂತ. ಒಬ್ಬರು ಉಣ್ತಿದ್ದರೂ ಮಿಕ್ಕವರ ತಟ್ಟೆ ಎತ್ತಬಾರದು, ಉಣ್ತಿರೋರನ್ನ ಎಬ್ಬಿಸಿದ ಹಾಗಾಗುತ್ತೆ. ನಮ್ಮ ಪಂಕ್ತಿ ಶಿಸ್ತೇ, ಹೆಸರು ಬೇರೆ.

ಎಂಜಲು ಅಂತ ಮುಖ ಕಿವುಚಬೇಡ, ಅದರಲ್ಲೂ ಕೈಚಳಕ ಇದೆ. ಮೊದಲ ತಟ್ಟೆ ಎಡಗೈಯ ಹೆಬ್ಬೆರಳು ಮತ್ತೆ ಮುಂದಿನ ಬೆರಳುಗಳ ನಡುವೆ. ಅದರಲ್ಲಿ ಒಂದು ಫೋರ್ಕನ್ನ ಹೆಬ್ಬೆರಳಲ್ಲಿ ಒತ್ತಿಹಿಡಿದು, ಚಾಕುಗಳನ್ನೆಲ್ಲ ಅದರ ಅಡಿಗೆ ಅಡ್ಡಡ್ಡ ತೂರಿಸಬೇಕು, ಆಗ ಜಾರಲ್ಲ. ಎರಡನೇ ತಟ್ಟೆ ಮುಂಗೈ ಮೇಲೆ. ಅದರಲ್ಲಿ ಉಳಿದದ್ದನ್ನ ಮೊದಲನೇದಕ್ಕೆ ಬಳಿದು, ಮುಂದಿನವನ್ನ ಅದರ ಮೇಲೆ ಪೇರಿಸ್ತಾ ಹೋಗೋದು. ಬೀಳೋದು ತೂಕಕ್ಕಲ್ಲ, ಮಣಿಕಟ್ಟು ಒಳಕ್ಕೆ ಬಾಗಿದಾಗ. ತೊಳೆಯೋದು ಮಿಷನ್ನು.

ತಿಂಡಿಗಳ ಹೆಸರು ಕೇಳಿದರೆ ನಗ್ತೀಯ. ‘ಹಾಲ್ವೆ ಹಾನ್’ ಅಂದರೆ ಅರ್ಧ ಹುಂಜ. ಬರೋದು ರೈ ಹಿಟ್ಟಿನ ಬನ್ನು, ದಪ್ಪನೆ ಚೀಸು, ಸಾಸಿವೆ, ಈರುಳ್ಳಿ! ಕೋಳಿಯ ಸುಳಿವೇ ಇಲ್ಲ. ಹೊರಗಿನವರು ಕೋಳಿ ಅಂತ ತರಿಸಿಕೊಂಡು ತಟ್ಟೆ ನೋಡ್ತಾ ಕೂರ್ತಾರೆ. ‘ಸ್ವರ್ಗ ಮತ್ತು ಭೂಮಿ’ ಅಂತ ಇನ್ನೊಂದಿದೆ, ಮರದ ಸೇಬು, ಮಣ್ಣಿನ ಆಲೂಗಡ್ಡೆ ಸೇರಿಸಿ ಕಿವುಚಿದ್ದು. ಹೆಸರು ಚೆಂದ ಇದೆ, ಆದರೆ ಪಕ್ಕದಲ್ಲಿಡೋದು ರಕ್ತದ ಸಾಸೇಜು. ಇದನ್ನ ಅಜ್ಜಿಗೆ ಖಂಡಿತ ಹೇಳಬೇಡ. ನಾನು ತಟ್ಟೆ ಒಯ್ಯೋದಷ್ಟೇ, ರೂಮಿನಲ್ಲಿ ಸಾರು ಅನ್ನವೇ.

ದುಡ್ಡು ಕೊಡುವಾಗ ‘ಒಟ್ಟಿಗೋ, ಬೇರೆ ಬೇರೆಯೋ’ ಅಂತ ಕೇಳಲೇಬೇಕು. ಗೆಳೆಯರು ಅವರವರು ಕುಡಿದ ನೀರಿನ ಸಮೇತ ಬೇರೆ ಬೇರೆ ಕೊಡ್ತಾರೆ. ‘ಇವತ್ತು ನಂದು, ಬಿಡೋ’ ಅಂತ ಬಿಲ್ಲಿಗೆ ಕಿತ್ತಾಡೋ ಗಲಾಟೆ ಅಷ್ಟಾಗಿ ಇಲ್ಲ. ಟಿಪ್ಸು ಮೇಜಿನ ಮೇಲೆ ಬಿಟ್ಟು ಹೋಗಲ್ಲ, ಬಾಯಲ್ಲೇ ಹೇಳ್ತಾರೆ. ಬಿಲ್ಲು 27.40 ಆದರೆ, 50ರ ನೋಟು ಕೊಟ್ಟು ‘ಮೂವತ್ತು’ ಅಂತಾರೆ, 20 ವಾಪಸ್ ಕೊಡೋದು. ಮೂವತ್ತೇ ಕೊಟ್ಟು ‘ಡಾಂಕೆ’, ಅಂದರೆ ಥ್ಯಾಂಕ್ಸ್, ಅಂತ ಹೇಳಿದರೆ ಚಿಲ್ಲರೆ ನೀನೇ ಇಟ್ಟುಕೋ ಅಂತ. ಅದು ಗೊತ್ತಿಲ್ಲದೆ ಚಿಲ್ಲರೆ ಎಣಿಸ್ತಾ ನಿಂತರೆ ಅವರಿಗೇ ಮುಜುಗರ. ನಾವು ಗಿರಾಕಿಗಳಾಗಿ ಹೋದಾಗ ನೋಟು ಕೊಟ್ಟು ‘ಡಾಂಕೆ’ ಅಂದರೂ ಅಷ್ಟೇ, ಚಿಲ್ಲರೆ ಗೋವಿಂದ. ಟಿಪ್ಸಿಗೆ ತೆರಿಗೆ ಇಲ್ಲ.

ಕಾರ್ನಿವಲ್ ಹೋದ ವಾರ ಮುಗೀತು. ಗುರುವಾರ ಹೆಂಗಸರು ಕತ್ತರಿ ಹಿಡಿದು ಗಂಡಸರ ಟೈ ಕತ್ತರಿಸ್ತಾರೆ, ಸೋಮವಾರ ರಥದಂಥ ಗಾಡಿಗಳಿಂದ ಚಾಕಲೇಟು ಎಸೀತಾರೆ. ತೀರ್ಥಹಳ್ಳಿ ಎಳ್ಳಮಾವಾಸ್ಯೆ ಜಾತ್ರೆ ಜನ ಎಲ್ಲರೂ ವೇಷ ಹಾಕಿದ ಹಾಗೆ.

ಸರಿ, ಕಾಲು.

ಈ ಕೆಲಸಕ್ಕೆ ಮೊದಲು ಬೇಕಾದದ್ದು ಭಾಷೆ ಅಲ್ಲ, ಶೂ. ಅಡುಗೆಮನೆ ನೆಲ ಎಣ್ಣೆ, ನೀರು ಸೇರಿ ಜಾರುತ್ತೆ, ಜಾರದ ಅಟ್ಟೆಯೇ ಬೇಕು. ನಿಂತೂ ನಿಂತೂ ಸಂಜೆಗೆ ಕಾಲು ಊದುತ್ತೆ, ಅದಕ್ಕೇ ಶೂ ಸಂಜೆ ಹೊತ್ತಲ್ಲೇ ಕೊಳ್ಳಬೇಕು, ಬೆರಳಿನ ಮುಂದೆ ಸ್ವಲ್ಪ ಜಾಗ ಬಿಟ್ಟು. ನನ್ನ ಕಾಲಿಗೆ ಗುಳ್ಳೆ ಎದ್ದರೆ ನೋಯುತ್ತೆ, ನೋಡ್ಕೋತೀನಿ. ಅಪ್ಪಯ್ಯನಿಗೆ ನೋವೇ ಇಲ್ಲವಂತಲ್ಲ, ‘ನೋವಿಲ್ಲ, ಏನೂ ಆಗಿಲ್ಲ’ ಅಂತಾರಂತಲ್ಲ, ನನಗೆ ಹೆದರಿಕೆ ಆಗಿರೋದೇ ಅದಕ್ಕೆ. ಅವರಿಗಿರೋ ಸಕ್ಕರೆ ಕಾಯಿಲೆಯಲ್ಲಿ ಪಾದದ ನರ ಸಾಯಬಹುದು. ಮುಳ್ಳು ಹೊಕ್ಕರೂ ಗೊತ್ತಾಗಲ್ಲ. ರಕ್ತ ಓಡೋದೂ ಕಮ್ಮಿ ಆಗಿದ್ದರೆ ಗಾಯ ಮಾಯಲ್ಲ, ಮೇಲೆ ಒಣಗಿದ ಹಾಗೆ ಕಂಡರೂ ಒಳಗೆ ಮೂಳೆಗೆ ಇಳೀಬಹುದು.

ಅರಿಶಿನ, ಕೊಬ್ಬರಿ ಎಣ್ಣೆ ನಿಲ್ಲಿಸಿ. ಬಿಸಿನೀರಲ್ಲಿ ಕಾಲು ಅದ್ದೋದು ಬೇಡವೇ ಬೇಡ, ಸುಟ್ಟರೂ ಅವರಿಗೆ ತಿಳಿಯಲ್ಲ. ಸುತ್ತಲಿನ ಗಟ್ಟಿ ಚರ್ಮವನ್ನ ಬ್ಲೇಡಲ್ಲಿ ಕೆರೆಯೋಕೆ ಬಿಡಬೇಡ. ಶುಭ್ರ ಬಟ್ಟೆ ಕಟ್ಟಿ, ಆ ಕಾಲಿನ ಮೇಲೆ ಭಾರ ಹಾಕದೆ, ಈ ವಾರವೇ ಕರೆದುಕೊಂಡು ಹೋಗಿ. ಶಿವಮೊಗ್ಗವಾದರೂ ಸರಿ, ಆಗುಂಬೆ ಘಾಟಿ ಇಳಿದು ಮಣಿಪಾಲವಾದರೂ ಸರಿ. ಮೂರು ವಿಷಯ ಕೇಳಿ: ಪಾದದ ನಾಡಿ ಸಿಗ್ತಿದೆಯಾ, ಎಕ್ಸ್‌ರೇಯಲ್ಲಿ ಮೂಳೆ ಸರಿ ಇದೆಯಾ, ಮೂರು ತಿಂಗಳ ಸಕ್ಕರೆ ಎಷ್ಟಿದೆ. ಆ ರಕ್ತಪರೀಕ್ಷೆ ಹೆಸರು ಎಚ್‌ಬಿಎ1ಸಿ, ಸುಮ ಬರೆದುಕೊಡ್ತಾಳೆ. ಗಾಯದ ಮೇಲೆ ಭಾರ ಬೀಳದ ಹಾಗೆ ಮೆತ್ತೆಯೋ ಪಟ್ಟಿಯೋ ಹಾಕಿಕೊಡಿ ಅಂತಲೂ ಕೇಳಿ, ಓಡಾಡ್ತಾ ಇದ್ದರೆ ಯಾವ ಮಾತ್ರೆಯೂ ನಾಟಲ್ಲ. ಮಾಯ್ದ ಮೇಲೆ ಎಂಸಿಆರ್ ಅನ್ನೋ ಮೆತ್ತನೆ ರಬ್ಬರಿನ ಚಪ್ಪಲಿ, ಮನೆಯೊಳಗೂ. ತೋಟಕ್ಕೆ ಬರಿಗಾಲು ಬಂದ್. ‘ತೋಟಕ್ಕೆ ಚಪ್ಪಲಿ ಹಾಕಿ ಹೋಗೋದು ನಮ್ಮಲ್ಲಿಲ್ಲ’ ಅಂತ ಶುರು ಮಾಡಿದರೆ ಫೋನು ನನಗೆ ಕೊಡು.

ಕೆಂಪು ಮೇಲಕ್ಕೆ ಹಬ್ಬಿದರೆ, ವಾಸನೆ ಬಂದರೆ, ಬೆರಳು ಕಪ್ಪಗಾದರೆ, ಚಳಿ ಜ್ವರ ಬಂದರೆ ಈ ವಾರ ಅಂತಲೂ ಕಾಯಬೇಡಿ, ಆ ಹೊತ್ತೇ ಹೊರಡಿ. ರಾತ್ರಿಯಾದರೂ ರಾಘು ಜೀಪು ತರ್ತಾನೆ.

ರೇಟು ಏರಲಿ ಅಂತ ಅಡಿಕೆ ಚೀಲ ಕಟ್ಟಿಟ್ಟು ಕೂತಿದಾರೆ, ಕೈಯಲ್ಲಿ ದುಡ್ಡಿಲ್ಲ ಅಂತ ಬರೆದಿದೀಯ. ಅಡಿಕೆ ಅಲ್ಲೇ ಇರಲಿ. ಸಂಬಳ ಯಾತಕ್ಕೆ ಅಂದೆನಲ್ಲ, ಇದಕ್ಕೇ. ಇವತ್ತೇ 300 ಯೂರೋ ನಿನ್ನ ಖಾತೆಗೆ ಹಾಕ್ತಿದೀನಿ, ಎರಡು ಮೂರು ದಿನದಲ್ಲಿ ಬರುತ್ತೆ. ಸೊಸೈಟಿ ಕಂತಿಗೆ ಹಾಕಬೇಡ, ಕಾಲಿಗೇ. ಸಾಲದಿದ್ದರೆ ಇನ್ನೂ ಇದೆ, ನನಗೇನೂ ಕಷ್ಟ ಇಲ್ಲ, ನಿಜವಾಗಿಯೂ ಇಲ್ಲ. ಚೆನ್ನಾಗಿ ಉಣ್ತಿದೀನಿ, ದಪ್ಪ ಆಗಿದೀನಿ ಬೇಕಾದರೆ. ಮಾಣಿ ದುಡ್ಡು ಅಂತ ಅಪ್ಪಯ್ಯ ಬೇಡ ಅಂದರೆ, ಸ್ಕಾಲರ್‌ಶಿಪ್ಪು ಅಂತ ಹೇಳು.

ಕೆಳಗೆ ಬಟ್ಟೆ ಒಗೆಯೋ ಮಿಷನ್ ಸರದಿ ಈಗ ನನ್ನದು, ಐದು ನಿಮಿಷ ತಡ ಆದರೆ ಬೇರೆಯವರು ತುಂಬಿಬಿಡ್ತಾರೆ. ಸುಮಾ, ಇವತ್ತು ರಾತ್ರಿ ಅಪ್ಪಯ್ಯ ಮಲಗಿದ ಮೇಲೆ ಟಾರ್ಚು ಹಾಕಿ ಅಂಗಾಲಿನ ಫೋಟೋ ತೆಗೆದು ಕಳಿಸು. ಬೆರಳ ಸಂದಿಯದೂ. ಅಜ್ಜಿಗೆ ನಮಸ್ಕಾರ.

ನಿನ್ನ,
ಚಿನ್ನು