ಹಳದಿ ಹೇಳಿಕೊಟ್ಟ ಅಣ್ಣನಿಗೆ

ಅವತ್ತು ನಿಮ್ಮ ಹೆಸರು ಕೇಳುವುದನ್ನೇ ಮರೆತೆ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ರಾಜ್ಯೋತ್ಸವದ ಶುಭಾಶಯಕ್ಕೆ ಹಳದಿ, ಕೆಂಪು ಅಕ್ಷರ ಬೇಕಿತ್ತು. ಸೈಬರ್ ಸೆಂಟರಿನಲ್ಲಿ ನನ್ನ ಪರದಾಟ ನೋಡಿ ನೀವೇ ಕುರ್ಚಿ ಎಳೆದುಕೊಂಡಿರಿ. ಕಂಪ್ಯೂಟರಿಗೆ ಬಣ್ಣವನ್ನು ಒಂದು ಕೋಡ್‌ನಲ್ಲಿ ಹೇಳಬೇಕು ಅಂದಿರಿ: # ಆದಮೇಲೆ ಆರು ಸ್ಥಾನ, ಎರಡೆರಡರ ಮೂರು ಜೋಡಿ. ಯಾವ ಬಣ್ಣ ಎಷ್ಟು ಅಂತ ಒಂದೊಂದು ಜೋಡಿ ಹೇಳುತ್ತದೆ: ಕೆಂಪು, ಹಸಿರು, ನೀಲಿ. ಒಂದು ಸ್ಥಾನದಲ್ಲಿ 9 ಆದಮೇಲೆ 10ಕ್ಕೆ ಎ, ಹಾಗೇ ಹೋಗಿ 15ಕ್ಕೆ ಎಫ್. ಎಫ್‌ಎಫ್ ಅಂದರೆ 255, ಅದಕ್ಕಿಂತ ಜಾಸ್ತಿ ಇಲ್ಲ.

ಕೆಂಪು ಸುಲಭ, #ಎಫ್‌ಎಫ್0000. ಹಳದಿಗೆ ಕೆಂಪು, ಹಸಿರು ಎರಡನ್ನೂ ಪೂರ್ತಿ ಹಾಕಿ ಅಂದಾಗ ಮಾತ್ರ ನಾನು ನಂಬಲಿಲ್ಲ. ಪೇಂಟ್ ಡಬ್ಬಿಯಲ್ಲಿ ಹಾಗೆ ಬೆರೆಸಿದರೆ ಕೆಸರಿನ ಬಣ್ಣ ಬರುತ್ತದೆ, ಅಲ್ವಾ? "ಪರದೆಯಲ್ಲಿ ಬೆರೆಯುವುದು ಬೆಳಕು" ಅಂದಿರಿ. #ಎಫ್‌ಎಫ್‌ಎಫ್‌ಎಫ್00 ಹಾಕಿದೆ. ಹಳದಿ ಬಂತು! ಬಿಳಿ ಹಿನ್ನೆಲೆಯಲ್ಲಿ ಓದಲು ಆಗಲಿಲ್ಲ, ಅದು ಬೇರೆ ಮಾತು.

ತುಂಬಾ ಥ್ಯಾಂಕ್ಸ್ ಅಣ್ಣಾ.