ಯೀಸ್ಟ್ ಹಣ್ಣಿನ ಗಾಯಕ್ಕೆ ಕಾವಲು, ಕೊಳೆಗೆ ಮದ್ದಲ್ಲ

ಮಾನ್ಯ ಸಂಪಾದಕರೇ,

ಕೊಯ್ದ ಹಣ್ಣಿಗೆ ಬೂಷ್ಟು ಹಿಡಿಯದಂತೆ ಶಿಲೀಂಧ್ರನಾಶಕದ ಬದಲು ಯೀಸ್ಟ್ ಬಳಸಬಹುದೆಂಬ ಮಾತು ಬೆಳೆಗಾರರಲ್ಲಿ ಹಬ್ಬುತ್ತಿದೆ. ಮಾತು ನಿಜ. ಆದರೆ ಹಣ್ಣನ್ನು ಒಮ್ಮೆ ಯೀಸ್ಟ್ ಕದಡಿದ ನೀರಿನಲ್ಲಿ ಅದ್ದಿ ನೋಡಿ, ಅದು ಕೊಳೆತ ಮೇಲೆ ‘ಇದೆಲ್ಲ ಬರೀ ಪ್ರಚಾರ’ ಎಂದು ಕೈಬಿಡುವುದೂ ಉಂಟು. ಅಲ್ಲಿ ತಪ್ಪಿದ್ದು ಯೀಸ್ಟ್ ಅಲ್ಲ, ಹೊತ್ತು.

ಕಿತ್ತಳೆ ಜಾತಿಯ ಹಣ್ಣನ್ನು ತೊಳೆದು ಒಣಗಿಸಿಟ್ಟರೆ ತೊಳೆಯದ ಹಣ್ಣಿಗಿಂತ ಬೇಗ ಕೊಳೆಯುತ್ತದೆಂದು ವಿಜ್ಞಾನಿಗಳು 1980ರ ದಶಕದಲ್ಲೇ ಗಮನಿಸಿದ್ದರು. ತೊಳೆದ ನೀರನ್ನು ತೆಳುಮಾಡದೆ ಹಾಗೆಯೇ ಪ್ರಯೋಗಾಲಯದ ತಟ್ಟೆಗೆ ಹಾಕಿದಾಗ ಬೆಳೆದದ್ದು ಯೀಸ್ಟ್ ಮತ್ತು ಬ್ಯಾಕ್ಟೀರಿಯಾ ಮಾತ್ರ. ಅದೇ ನೀರನ್ನು ತೆಳುಮಾಡಿ ಹಾಕಿದಾಗ ಕೊಳೆಯ ಶಿಲೀಂಧ್ರಗಳು ತಲೆ ಎತ್ತಿದವು. ಸಿಪ್ಪೆಯ ಮೇಲಿನ ಯೀಸ್ಟ್ ಅಷ್ಟು ದಿನ ಅವನ್ನು ತಡೆದಿತ್ತು.

ಹಸಿರು ಬೂಷ್ಟು, ನೀಲಿ ಬೂಷ್ಟು ಒಳಗೆ ಹೋಗುವುದು ಗಾಯದಿಂದ: ಉಗುರಿನ ಗೀರು, ಕ್ರೇಟಿನ ಅಂಚು ತಗುಲಿದ ಕಡೆ, ತೊಟ್ಟು ಕಿತ್ತು ಬಂದ ಜಾಗ. ಅಲ್ಲಿ ಒಸರುವ ರಸವೇ ಬೂಷ್ಟಿನ ಬೀಜಾಣುವನ್ನು, ಅಂದರೆ ಬೀಜದಂತೆ ಮೊಳೆಯುವ ಅದರ ಕಣವನ್ನು, ಎಬ್ಬಿಸುತ್ತದೆ. ಯೀಸ್ಟ್ ಮೊದಲು ಬಂದರೆ ಆ ಸಕ್ಕರೆಯನ್ನು ತಾನೇ ತಿಂದು, ಒಂದೆರಡು ದಿನದಲ್ಲಿ ಗಾಯವನ್ನೆಲ್ಲ ತುಂಬಿಕೊಳ್ಳುತ್ತದೆ. ಮೆಟ್ಶ್ನಿಕೋವಿಯಾ ಎಂಬ ಯೀಸ್ಟಿನ ಕೆಲವು ಬಗೆಗಳು ಸುತ್ತಲಿನ ಕಬ್ಬಿಣವನ್ನೂ ಎಳೆದುಕೊಂಡು ಕೆಂಪು ಬಣ್ಣದ ವಸ್ತುವಾಗಿ ಕಟ್ಟಿಹಾಕುತ್ತವೆ. ಕಬ್ಬಿಣವಿಲ್ಲದೆ ಬೀಜಾಣು ಮೊಳೆಯಲಾರದು.

ಆದ್ದರಿಂದ ಕೊಯ್ದ ದಿನವೇ ಅದ್ದಬೇಕು. ಗಾಯದಲ್ಲಿ ಬೀಜಾಣು ಮೊಳೆತು ತಿರುಳಿಗೆ ಇಳಿದ ಮೇಲೆ ಯೀಸ್ಟ್ ಅದನ್ನು ಹಿಂಬಾಲಿಸುವುದಿಲ್ಲ. ಮಾವಿನ ಚಿಬ್ಬು ರೋಗದಂತೆ ಕಾಯಿಯಿದ್ದಾಗಲೇ ಸಿಪ್ಪೆಯಲ್ಲಿ ಅಡಗಿ ಕೂತ ಸೋಂಕಿಗೂ ಇದರಿಂದ ಹೆಚ್ಚು ಪ್ರಯೋಜನವಿಲ್ಲ.

ದ್ರಾವಣದಲ್ಲಿ ಮಿಲಿಲೀಟರಿಗೆ 1 ಕೋಟಿಯಿಂದ 10 ಕೋಟಿ ಜೀವಂತ ಕೋಶಗಳಿರಬೇಕು. ಯೀಸ್ಟ್ ಪುಡಿಯ ಲೇಬಲ್ಲಿನಲ್ಲಿ ಗ್ರಾಂಗೆ 1,000 ಕೋಟಿ ಎಂದಿದ್ದರೆ 100 ಲೀಟರ್ ನೀರಿಗೆ 100 ಗ್ರಾಂ ಹಾಕಿದಾಗ ಸಿಗುವುದು 1 ಕೋಟಿ. ಒಣ ಪುಡಿಯನ್ನು ನೇರವಾಗಿ ತೊಟ್ಟಿಗೆ ಸುರಿಯದೆ, ಸ್ವಲ್ಪ ಉಗುರುಬೆಚ್ಚಗಿನ ನೀರಿನಲ್ಲಿ 20–30 ನಿಮಿಷ ನೆನೆಸಿ. ಹಣ್ಣನ್ನು ಅರ್ಧದಿಂದ ಒಂದು ನಿಮಿಷ ಅದ್ದಿ, ನೀರು ಬಸಿದು, ಸಿಪ್ಪೆ ಆರಿದ ಮೇಲೆ ತಂಪಿಗೆ ಕಳಿಸಿ. ಯೀಸ್ಟ್ ತಳಕ್ಕೆ ಇಳಿಯುವುದರಿಂದ ತೊಟ್ಟಿಯನ್ನು ಕದಡುತ್ತಲೇ ಇರಬೇಕು. ಒದ್ದೆ ಹಣ್ಣು ತರುವ ನೀರಿನಿಂದ ದ್ರಾವಣ ತೆಳುವಾಗುವುದೂ ಲೆಕ್ಕದಲ್ಲಿರಲಿ.

ಎಲ್ಲಕ್ಕಿಂತ ಹೆಚ್ಚು ಕೆಡಿಸುವುದು ಕ್ಲೋರಿನ್. ಕ್ಲೋರಿನ್ ನೀರಿನಲ್ಲಿ ತೊಳೆದ ಹಣ್ಣನ್ನು ಶುದ್ಧ ನೀರಿನಲ್ಲಿ ಜಾಲಾಡಿಸದೆ ಯೀಸ್ಟ್ ತೊಟ್ಟಿಗೆ ಹಾಕಿದರೆ ಹಣ ಕೊಟ್ಟು ತಂದ ಜೀವವನ್ನು ನಾವೇ ಕೊಂದಂತೆ. ಅಡುಗೆ ಸೋಡಾ ಹಾಗಲ್ಲ. ಶೇ 1–2ರ ಪ್ರಮಾಣದಲ್ಲಿ ಅದು ಬೂಷ್ಟಿನ ಮೊಳಕೆಯನ್ನು ತಡೆಯುತ್ತದೆ. ಈ ಕೆಲಸಕ್ಕೆ ಬಳಸುವ ಯೀಸ್ಟ್‌ಗಳಲ್ಲಿ ಹಲವು ಅದನ್ನು ತಾಳಿಕೊಳ್ಳುತ್ತವೆ. ಬ್ರೆಡ್ಡಿನ ಯೀಸ್ಟ್ ಸಾಕಲ್ಲವೇ ಎಂದು ಕೇಳುವವರಿದ್ದಾರೆ. ಸಾಲದು. ಶೈತ್ಯಾಗಾರದ ತಂಪಿನಲ್ಲೂ ಗಾಯದಲ್ಲಿ ಬೆಳೆಯಬಲ್ಲ, ಸುರಕ್ಷತೆ ಪರೀಕ್ಷಿಸಿ ನೋಂದಾಯಿಸಿದ ತಳಿಯೇ ಬೇಕು.

1995ರಲ್ಲಿ ಅಮೆರಿಕದಲ್ಲಿ ನೋಂದಣಿಯಾದ ‘ಆಸ್ಪೈರ್’ ಎಂಬ ಯೀಸ್ಟ್ ಉತ್ಪನ್ನ ಕೆಲವು ವರ್ಷಗಳಲ್ಲಿ ಮಾರುಕಟ್ಟೆಯಿಂದ ಮರೆಯಾಯಿತು. ಫಲಿತಾಂಶ ಎಲ್ಲ ಕಡೆ ಒಂದೇ ಸಮ ಬಾರದಿದ್ದುದು ಒಂದು ಕಾರಣ. ಹಾಗಾಗಿ ಇಡೀ ಫಸಲು ಅದ್ದುವ ಮೊದಲು 20 ಹಣ್ಣಿನಲ್ಲಿ ಪರೀಕ್ಷಿಸಿ. ಶುದ್ಧ ಮೊಳೆಯಿಂದ 3 ಮಿ.ಮೀ. ಆಳ ಚುಚ್ಚಿ, ಹತ್ತಕ್ಕೆ ತೊಟ್ಟಿಯ ದ್ರಾವಣದ ಹನಿ, ಹತ್ತಕ್ಕೆ ಬರೀ ನೀರು ಹಾಕಿ. ಎರಡು ಗಂಟೆಯ ನಂತರ ಕೊಳೆತ ಹಣ್ಣಿನ ಮೇಲಿನ ಬೂಷ್ಟಿನ ಪುಡಿಯನ್ನು ನೀರಿನಲ್ಲಿ ಕದಡಿ ಎಲ್ಲ ಗಾಯಕ್ಕೂ ಒಂದೊಂದು ಹನಿ ಬಿಡಿ. ಐದು ದಿನದ ಮೇಲೆ ನೀರಿನ ಹಣ್ಣು ಮಾತ್ರ ಕೊಳೆತಿದ್ದರೆ ದ್ರಾವಣ ಸರಿಯಿದೆ. ಎರಡೂ ಕೊಳೆತಿದ್ದರೆ ಮೊದಲು ತೊಟ್ಟಿಯ ನೀರಿನಲ್ಲಿ ಕ್ಲೋರಿನ್ ಇದೆಯೇ ನೋಡಿ, ಆಮೇಲೆ ಪೊಟ್ಟಣದ ಅವಧಿ ನೋಡಿ.

– ಹಣ್ಣು ಸಂಗ್ರಹಣೆಯ ಕೆಲಸದಲ್ಲಿರುವ ಓದುಗರು